ಪದಚರ್ಚೆ: ಕಾರಿನ ಬೆಲ್ಟು ಕಿರುಗುಟ್ಟುತ್ತದೆಯೋ, ಚೀರುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಸದ್ದಿಗೆ ಸರಿಯಾದ ಪದ ಬೇಕಾಗಿದೆ. ಯಾಕೆ ಬೇಕು ಅನ್ನೋದನ್ನು ಮೊದಲು ಹೇಳುತ್ತೇನೆ.

ನಮ್ಮ ಮನೆ ಸಕಲೇಶಪುರದ ಹತ್ತಿರ. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಕಾರಿನ ಮೇಲೆಲ್ಲ ಇಬ್ಬನಿ. ಈ ಸಲ ಚಳಿ ಶುರುವಾದಾಗಿನಿಂದ, ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಬಾನೆಟ್ ಒಳಗಿಂದ ಒಂದು ಸದ್ದು ಬರತೊಡಗಿತು. ಒಂದೆರಡು ನಿಮಿಷ ಇರುತ್ತದೆ, ಆಮೇಲೆ ತಾನೇ ನಿಲ್ಲುತ್ತದೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸದ್ದು ಅಡಗಿರುತ್ತದೆ. ಹಾಗಾಗಿ ಫೋನಿನಲ್ಲೇ ವಿವರಿಸಬೇಕಾಯಿತು. ನಾನು "ಗರಗರ ಅಂತಿದೆ" ಎಂದೆ. "ಹಾಗಾದ್ರೆ ಬೇರಿಂಗ್ ಹೋಗಿರ್ಬೇಕು ಸಾರ್" ಎಂದರು ಮೆಕ್ಯಾನಿಕ್. ಹೊಸ ಬೇರಿಂಗ್ ತರಿಸಿಯೂ ಇಟ್ಟರು. ಮರುದಿನ ಬೆಳಿಗ್ಗೆ ಮನೆಗೇ ಬಂದು, ನಾನು ಸ್ಟಾರ್ಟ್ ಮಾಡಿದ್ದನ್ನು ಕೇಳಿ, ತಲೆ ಅಲ್ಲಾಡಿಸಿದರು. "ಇದು ಗರಗರ ಅಲ್ಲ ಸಾರ್. ಕೀ ಅಂತಿದೆ. ಬೆಲ್ಟು."

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. "ದಿನಾ ಹೀಗೇ ಕೀ ಅಂತ ಒಂದೇ ಸಮ ಬರುತ್ತಾ? ಇಲ್ಲಾ ಕಿರ್ ಕಿರ್ ಅಂತ ಬಿಟ್ಟು ಬಿಟ್ಟು ಬರುತ್ತಾ?"

ನನಗೆ ಎರಡೂ ಒಂದೇ ಆಗಿದ್ದವು. ಅವರಿಗೆ ಅವು ಎರಡು ಬೇರೆ ಬೇರೆ ಕಾಯಿಲೆ. ಒಂದೇ ಸಮ ಬರುವ ಉದ್ದನೆಯ ಕೀ ಅಂದರೆ ಬೆಲ್ಟು ತಾನು ಸುತ್ತುವ ಪುಲ್ಲಿಯ, ಅಂದರೆ ಗಾಲಿಯ, ಮೇಲೆ ಜಾರುತ್ತಿದೆ, ಬಿಗಿ ಸಾಲದು ಅಥವಾ ಸವೆದಿದೆ. ಬಿಟ್ಟು ಬಿಟ್ಟು ಬರುವ ಕಿರ್ ಕಿರ್ ಅಂದರೆ ಯಾವುದೋ ಪುಲ್ಲಿ ಸ್ವಲ್ಪ ವಾರೆಯಾಗಿದೆ, ಬೆಲ್ಟು ನೇರ ಸಾಲಿನಲ್ಲಿ ಓಡುತ್ತಿಲ್ಲ. ಕಂಡುಹಿಡಿಯಲು ಅವರದೊಂದು ಸುಲಭದ ಉಪಾಯವಿದೆ. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೀರುಗಳಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸುವುದು. ಸದ್ದು ಜಾಸ್ತಿಯಾದರೆ ಬಿಗಿಯ ತೊಂದರೆ. ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ವಾರೆಯ ತೊಂದರೆ. ನಮ್ಮದರಲ್ಲಿ ಸದ್ದು ಜಾಸ್ತಿಯಾಯಿತು. (ನೀವು ಮಾಡಿ ನೋಡುವುದಾದರೆ ಶಾಲು, ಸೆರಗು, ತೋಳು ಎಲ್ಲವನ್ನೂ ಬೆಲ್ಟಿನಿಂದ ದೂರ ಇಡಿ. ಬೆಲ್ಟನ್ನು ಮುಟ್ಟುವುದು ಎಂಜಿನ್ ನಿಲ್ಲಿಸಿದ ಮೇಲೆಯೇ.)

ಬೆಳಿಗ್ಗೆ ಮಾತ್ರ ಯಾಕೆ ಎಂದು ಕೇಳಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಜೋರಾಗಿ ಖರ್ಚಾಗುತ್ತದೆ. ಅದನ್ನು ತುಂಬಿಸಲು ಸ್ಟಾರ್ಟ್ ಆದ ಕೂಡಲೇ ಆಲ್ಟರ್ನೇಟರ್ ಮೈಮುರಿದು ದುಡಿಯಬೇಕು. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ಇನ್ನೂ ಡೈನಮೋ ಎನ್ನುವವರಿದ್ದಾರೆ. ಅದನ್ನು ತಿರುಗಿಸುವುದು ಇದೇ ಬೆಲ್ಟು. ಚಳಿಗೆ ರಬ್ಬರು ಗಟ್ಟಿಯಾಗಿರುತ್ತದೆ, ಮೇಲೆ ಇಬ್ಬನಿಯ ಪಸೆ. ಹಿಡಿತ ಸಿಗದೆ ಜಾರುತ್ತದೆ. ಬಿಸಿಯಾಗಿ ಪಸೆ ಒಣಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಹೆಡ್‌ಲೈಟ್, ಎಸಿ ಹಾಕಿದರೆ ಸದ್ದು ಇನ್ನೂ ಜೋರಾಗುವುದೂ ಇದರಿಂದಲೇ. ಬೆಲ್ಟಿಗೆ ಸೋಪು, ಮೇಣ ಸವರುವವರಿದ್ದಾರೆ. ಅದರಿಂದ ಸದ್ದು ನಾಲ್ಕು ದಿನ ಅಡಗುತ್ತದೆ, ಕಾಯಿಲೆ ಹೋಗುವುದಿಲ್ಲ. ನಾವು ಬೆಲ್ಟನ್ನೇ ಬದಲಾಯಿಸಿದೆವು. ಈಗ ಸದ್ದಿಲ್ಲ.

ಇನ್ನು ಪದಗಳ ಮಾತು. ಮೆಕ್ಯಾನಿಕ್ ಕೇಳಿದ ಪ್ರಶ್ನೆಯಲ್ಲಿ ಕನ್ನಡದ ಒಂದು ಕಟ್ಟುಪಾಡೇ ಇದೆ ಅಂತ ನನಗನಿಸುತ್ತದೆ. ಬಿಟ್ಟು ಬಿಟ್ಟು ಬರುವ ಸದ್ದಿಗೆ ನಾವು ಮಾತನ್ನು ಎರಡು ಸಲ ಹೇಳುತ್ತೇವೆ: ಕಿರ್ ಕಿರ್, ಟಕ ಟಕ, ಪಟ ಪಟ. ಎಳೆದು ಬರುವ ಸದ್ದಿಗೆ ಸ್ವರವನ್ನೇ ಎಳೆಯುತ್ತೇವೆ: ಕೀ, ಜೀ. ಕಿರ್ ಗಿಡ್ಡ, ಕೀರ್ ಉದ್ದ. ಸದ್ದಿನ ಉದ್ದ ಬಾಯಲ್ಲೇ ಅಳೆದ ಹಾಗೆ ಬರುತ್ತದೆ. ಕ್ರಿಯಾಪದದಲ್ಲೂ ಹೀಗೇ ಅಲ್ವಾ? ಪಿಸುಗುಟ್ಟು, ಗೊಣಗುಟ್ಟು, ಲೊಚಗುಟ್ಟು, ಕಿರುಗುಟ್ಟು: 'ಗುಟ್ಟು' ಬಂದ ಕಡೆಯೆಲ್ಲ ಸಣ್ಣ ಸಣ್ಣ ತುಣುಕುಗಳು ಮೇಲಿಂದ ಮೇಲೆ ಬರುತ್ತವೆ. ಹಾಗಾಗಿ ವಾರೆಯಾದ ಪುಲ್ಲಿಯ ಸದ್ದಿಗೆ 'ಕಿರುಗುಟ್ಟು' ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಎಣಿಕೆ. ಹಳೆಯ ಬಾಗಿಲು, ಕೀಲೆಣ್ಣೆ ಕಾಣದ ಗಾಡಿಯ ಚಕ್ರ ಕಿರುಗುಟ್ಟುವ ಹಾಗೆ.

ಬೇರಿಂಗಿಗೆ ಗ್ಯಾರೇಜಿನ 'ಗರಗರ' ಸಾಕು. ಅದು ಸವೆಯುವುದರ ಮೊದಲ ಹಂತದಲ್ಲಿ ಬರುವ ಮೆಲುದನಿಗೆ ಮಾತ್ರ 'ಮೊರೆ' ಎನ್ನುವ ಹಳೆಯ ಪದ ನನಗಿಷ್ಟ. ದುಂಬಿ ಮೊರೆಯುವ ಹಾಗೆಯೇ ಇರುತ್ತದೆ ಅದು.

ನನ್ನ ತೊಡಕು ಇರುವುದು ಜಾರುವ ಬೆಲ್ಟಿನ ಉದ್ದನೆಯ ಸದ್ದಿಗೆ. ಮೆಕ್ಯಾನಿಕ್ "ಬೆಲ್ಟು ಕೂಗ್ತಿದೆ" ಎಂದರು. ಕುಕ್ಕರ್ ಕೂಗುತ್ತದೆ, ರೈಲು ಕೂಗುತ್ತದೆ. ಆದರೆ ಆ ಕೂಗು ನಡೆಯಬೇಕಾದದ್ದು ನಡೆದಿದೆ ಎಂದು ಹೇಳುವ ಕೂಗು. ಇದು ನೋವಿನ ಸದ್ದು. 'ಕಿರುಚು' ಎಂದರೆ ಹೆದರಿದ ಮನುಷ್ಯರು ಕಣ್ಣ ಮುಂದೆ ಬರುತ್ತಾರೆ. 'ಕೀಚು' ಇಲಿಗೆ, ಮರಿಹಕ್ಕಿಗೆ ಸರಿ, ಬೆಲ್ಟಿಗೆ ತೀರಾ ಸಣ್ಣದು. 'ಕೀರಲು ದನಿ' ಎನ್ನುತ್ತೇವೆ, ಆದರೆ "ಬೆಲ್ಟು ಕೀರುತ್ತಿದೆ" ಎಂದರೆ ಗೀರುತ್ತಿದೆ ಅಂತ ಕಿವಿಗೆ ಬೀಳುತ್ತದೆ. ಉಳಿದದ್ದು 'ಚೀರು'. ಸ್ವರ ಉದ್ದ ಇದೆ, ನೋವೂ ಇದೆ. ಸದ್ಯಕ್ಕೆ ನನ್ನ ಮತ ಅದಕ್ಕೇ.

ಇನ್ನೊಂದು ಪದ: ಕೋಲ್ಡ್ ಸ್ಟಾರ್ಟ್. ಇದಕ್ಕೆ ಚಳಿ, ಶೀತ ಎಂದು ಸೇರಿಸಿ ಹೊಸ ಪದ ಕಟ್ಟಿದರೆ ಅರ್ಥವೇ ತಪ್ಪುತ್ತದೆ. ಎಂಜಿನ್ ಗಂಟೆಗಟ್ಟಲೆ ನಿಂತು, ಸುತ್ತಲಿನ ಗಾಳಿಯಷ್ಟೇ ಬಿಸಿಗೆ ಇಳಿದ ಮೇಲೆ ಮಾಡುವ ಸ್ಟಾರ್ಟ್ ಅದು. ರಾಯಚೂರಿನ ಮೇ ತಿಂಗಳ ಬೆಳಿಗ್ಗೆಯೂ ಅದು ಕೋಲ್ಡ್ ಸ್ಟಾರ್ಟೇ. ಇಲ್ಲಿ ಬೇಕಾದದ್ದು ಚಳಿಯ ಮಾತಲ್ಲ, ಬಿಸಿ ಹೋಗಿರುವ ಮಾತು. ಅದಕ್ಕೆ ನಮ್ಮಲ್ಲಿ 'ಆರು' ಇದೆ. ಆರಿದ ಕಾಫಿ, ಆರಿದ ಅನ್ನ. ಹಾಗೇ ಆರಿದ ಎಂಜಿನ್. "ಎಂಜಿನ್ ಆರಿದ ಮೇಲೆ ಸ್ಟಾರ್ಟ್ ಮಾಡಿದಾಗ ಬೆಲ್ಟು ಚೀರುತ್ತದೆ." ನನ್ನ ಕಿವಿಗೆ ಇದು ಚೆನ್ನಾಗಿಯೇ ಕೇಳುತ್ತದೆ. ಆದರೆ ದೀಪ ಆರಿತು, ಒಲೆ ಆರಿತು ಎನ್ನುವ ಹಾಗೆ, ಎಂಜಿನ್ ಆಫ್ ಆಯಿತು ಎಂದು ಯಾರಾದರೂ ತಿಳಿದಾರು ಅನ್ನುವ ಅಳುಕೂ ಇದೆ.

ಧಾರವಾಡ, ಕಲಬುರಗಿ, ಮಂಗಳೂರು, ಕುಂದಾಪುರದ ಕಡೆಯವರು ದಯವಿಟ್ಟು ಹೇಳಿ: ನಿಮ್ಮೂರಿನ ಗ್ಯಾರೇಜಿನಲ್ಲಿ ಬೆಲ್ಟು ಏನು ಮಾಡುತ್ತದೆ? ಕೂಗುತ್ತದೆಯೋ, ಒದರುತ್ತದೆಯೋ, ಚೀರುತ್ತದೆಯೋ? ರಾಟೆ, ಗಾಣ, ಗಾಡಿ ಚಕ್ರದ ಸದ್ದಿಗೆ ಹಿರಿಯರು ಬಳಸುತ್ತಿದ್ದ ಪದ ನೆನಪಿದ್ದರೂ ಬರೆಯಿರಿ. ಮತ್ತೆ, 'ಆರಿದ ಎಂಜಿನ್' ಎಂದರೆ ನಿಮಗೆ ಮೊದಲು ಹೊಳೆಯುವುದು ಯಾವ ಅರ್ಥ?