ಬೆಂಗಳೂರು ಟು ಮಂಗಳೂರು ಫ್ಲೈಟಲ್ಲಿ ನಿಜವಾಗ್ಲೂ ಎಷ್ಟು ಹೊತ್ತಾಗತ್ತೆ?

ಜಯನಗರದವ್ನು:
ಮುಂದಿನ ತಿಂಗಳು ಪುತ್ತೂರಲ್ಲಿ ಅಕ್ಕನ ಮಗಳ ಮದುವೆ, ಅಮ್ಮನ್ನ ಕರ್ಕೊಂಡು ಹೋಗ್ಬೇಕು. 68 ವಯಸ್ಸು, ಮಂಡಿನೋವು ಬೇರೆ, ರಾತ್ರಿಯೆಲ್ಲ ಬಸ್ಸಲ್ಲಿ ಕೂರೋಕಾಗಲ್ಲ ಅಂತ ಫ್ಲೈಟ್ ನೋಡ್ತಿದೀನಿ. ಮ್ಯಾಪಲ್ಲಿ ನೇರ ಗೆರೆ ಎಳೆದ್ರೆ 300 ಕಿ.ಮೀ. ಚಿಲ್ಲರೆ ಬರತ್ತೆ, ವಿಮಾನ ಗಂಟೆಗೆ 800 ಹೋಗತ್ತೆ ಅಂತಾರೆ, ಆ ಲೆಕ್ಕಕ್ಕೆ 25 ನಿಮಿಷ ಸಾಕಲ್ವಾ? ಟಿಕೆಟಲ್ಲಿ ನೋಡಿದ್ರೆ ಒಂದು ಗಂಟೆ ಮೇಲೇ ತೋರಿಸ್ತಿದೆ, ಅದೂ ಒಂದೊಂದಕ್ಕೆ ಒಂದೊಂದು ಥರ. ಯಾಕೆ?

ರನ್‌ವೇ ರಾಜ:
ಟಿಕೆಟಲ್ಲಿ ಇರೋದು ಗಾಳೀಲಿ ಹಾರೋ ಟೈಮ್ ಅಲ್ಲ ಗುರು, ಗೇಟ್ ಬಿಟ್ಟು ಆ ಕಡೆ ಗೇಟಿಗೆ ಬಂದು ನಿಲ್ಲೋವರ್ಗೂ ಇರೋ ಟೈಮು. ದೇವನಹಳ್ಳೀಲಿ ರನ್‌ವೇ ತನಕ ಉರುಳ್ಕೊಂಡು ಹೋಗಿ ಕ್ಯೂನಲ್ಲಿ ನಿಂತು ಟೇಕಾಫ್ ಆಗೋದ್ರಲ್ಲೇ ಎಷ್ಟೋ ಹೊತ್ತು ಹೋಗತ್ತೆ. ಆ 800 ಸ್ಪೀಡು ಪೂರ್ತಿ ಮೇಲೆ ಹೋದ್ಮೇಲೆ, ಇಷ್ಟು ಹತ್ರದ ದಾರೀಲಿ ಏರೋದು ಮುಗೀತಿದ್ದಂಗೆ ಇಳಿಯೋದು ಶುರು. ಇನ್ನು ಎಟಿಆರ್ ಸಿಕ್ರೆ, ಅದೇ ರೆಕ್ಕೇಲಿ ಫ್ಯಾನ್ ಇರೋದು, ಗಂಟೆಗೆ 500ರ ಹತ್ರ ಅಷ್ಟೆ, ಅದಕ್ಕೇ ಟೈಮ್ ಬೇರೆ ಬೇರೆ.

ಬಜ್ಪೆಯವ:
ಮಾರಾಯ್ರೆ, ಮದುವೆ ಪುತ್ತೂರಲ್ಲಿ ಅಂತೀರಿ, ಇಳಿಯುದು ಬಜ್ಪೆಯಲ್ಲಿ. ನೀವು ಪುತ್ತೂರು ದಾಟಿ ಮುಂದೆ ಬಂದು ವಾಪಸ್ ಕಾರಲ್ಲಿ ಒಂದೂವರೆ ಗಂಟೆ ಹಿಂದೆ ಹೋಗ್ಬೇಕು ಆಯ್ತಾ. ಜಯನಗರದಿಂದ ದೇವನಹಳ್ಳಿಗೆ ಟ್ರಾಫಿಕ್ ಸೇರಿ ಎರಡು ಗಂಟೆ, ಚೆಕಿನ್ನು ಸೆಕ್ಯುರಿಟಿ ಅಂತ ಇನ್ನೆರಡು, ಹಾರ್ಲಿಕ್ಕೆ ಒಂದು, ಬ್ಯಾಗ್ ಬರುವಾಗ ಅರ್ಧ. ಕೂಡ್ಸಿ ನೋಡಿ, ಏಳು ಗಂಟೆ ಆಯ್ತು! ಶಿರಾಡಿ ಇಳಿದು ಉಪ್ಪಿನಂಗಡಿಯಲ್ಲಿ ತಿರುಗಿದ್ರೆ ಬಸ್ಸಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಮಳೆಗಾಲ ಆದ್ರೆ ಎರಡೂ ನಂಬ್ಲಿಕ್ಕಿಲ್ಲ, ಘಾಟಿಯಲ್ಲಿ ಗುಡ್ಡ ಜರಿತದೆ, ನಮ್ಮದು ಗುಡ್ಡದ ತಲೆ ಮೇಲಿನ ರನ್‌ವೇ, ಮೋಡ ಕವಿದ್ರೆ ವಿಮಾನ ಬೇರೆ ಊರಿಗೆ ಹೋಗುದೂ ಉಂಟು.

ಜಯನಗರದವ್ನು:
ಅಯ್ಯೋ, ಇದು ತಲೆಗೇ ಹೊಳೆದಿರ್ಲಿಲ್ಲ 😅

ಕಿಟಕಿ ಸೀಟು:
ಟ್ರೈನ್ ಯಾರೂ ಹೇಳ್ಲಿಲ್ವಲ್ಲ. ರಾತ್ರಿ ಟ್ರೈನಲ್ಲಿ ಎಸಿ ಲೋವರ್ ಬರ್ತ್ ಮಾಡ್ಸಿ, ಅಮ್ಮ ಕಾಲು ಚಾಚ್ಕೊಂಡು ಮಲಗ್ಲಿ, ಕಬಕ ಪುತ್ತೂರು ಸ್ಟೇಷನ್ನಲ್ಲೇ ಇಳೀಬಹುದು. ಸಮಯ ಜಾಸ್ತಿನೇ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಬರೀ 55 ಕಿ.ಮೀ. ಆದ್ರೆ 57 ಸುರಂಗ, ತೆವಳ್ಕೊಂಡೇ ಇಳಿಯತ್ತೆ. ಮಲಗಿರೋರಿಗೆ ಏನು ಬಿಡಿ. ಹಗಲು ಟ್ರೈನ್ ಸಿಕ್ರೆ ಆ ಘಾಟಿ ನೋಡೋಕೇ ಹೋಗ್ಬೇಕು, ಆದ್ರೆ ಒಂದೇ ಟ್ರೈನ್ ದಿನಾ ಇರಲ್ಲ, ಯಾವ ದಿನ ಯಾವ್ದು ಅಂತ ನೋಡ್ಕೊಳ್ಳಿ.

ಜಯನಗರದವ್ನು:
ಥ್ಯಾಂಕ್ಸ್ ಎಲ್ರಿಗೂ, ಹೋಗೋಕೆ ರಾತ್ರಿ ಟ್ರೈನ್ ಮಾಡ್ಸಿದೆ. ವಿಮಾನ ಇಲ್ಲ ಅಂದಿದ್ದಕ್ಕೆ ಅಮ್ಮ ಮುಖ ಸಣ್ಣ ಮಾಡ್ಕೊಂಡ್ರು, ಇಷ್ಟು ದಿನ ಪಕ್ಕದ್ಮನೆಯವರಿಗೆಲ್ಲ ಹೇಳ್ಕೊಂಡು ಬಂದಿದ್ರಂತೆ. ಬರೋವಾಗ ಹೇಗೂ ಕಟೀಲಿಗೆ ಹೋಗ್ಬೇಕು ಅಂತಿದಾರೆ, ಆವಾಗ ಫ್ಲೈಟ್ ಸರಿ ಹೋಗತ್ತಾ?

ಬಜ್ಪೆಯವ:
ಹಾಗಾದ್ರೆ ಫ್ಲೈಟೇ ಮಾಡಿ. ಕಟೀಲಿಂದ ಏರ್‌ಪೋರ್ಟ್ ಹತ್ರವೇ ಉಂಟು. ಮಧ್ಯಾಹ್ನ ದೇವಸ್ಥಾನದಲ್ಲೇ ಊಟ ಮಾಡಿ ಸಂಜೆ ಫ್ಲೈಟ್ ಹಿಡೀರಿ. ಬುಕ್ ಮಾಡುವಾಗ ಅಮ್ಮನಿಗೆ ವೀಲ್‌ಚೇರ್ ಹಾಕ್ಲಿಕ್ಕೆ ಮರೀಬೇಡಿ.