ವಿಷಲ್ ಆದ ಮೇಲಿನ ಮೂರು ಫ್ರೇಮ್

ಶನಿವಾರದ ಲಕ್ರಾಸ್ ಮ್ಯಾಚ್‌ನಲ್ಲಿ ನಾನು 17 ಫೇಸ್‌ಆಫ್‌ಗಳಲ್ಲಿ 12 ಸೋತೆ. ಲಕ್ರಾಸ್ ಅಂದರೆ ತಲೆಗೆ ಬಲೆ ಕಟ್ಟಿದ ಸ್ಟಿಕ್‌ನಲ್ಲಿ ಚೆಂಡು ಹಿಡಿದು, ಎಸೆದು ಗೋಲ್ ಹೊಡೆಯುವ ಆಟ. ಫೇಸ್‌ಆಫ್ ಅಂದರೆ ಆಟ ಶುರು ಮಾಡಲು ಇಬ್ಬರು ಎದುರುಬದುರು ಕೂತು ವಿಷಲ್‌ಗೆ ಚೆಂಡಿಗಾಗಿ ಸೆಣಸುವುದು. ಅಕ್ಕ ತೆಗೆದ ವಿಡಿಯೊವನ್ನು ಮನೆಯವರ ಗುಂಪಿಗೆ ಹಾಕಿದ್ದು ನನ್ನದೇ ತಪ್ಪು. ಐದು ನಿಮಿಷಕ್ಕೆ ಚಿಕ್ಕಪ್ಪನಿಂದ ಫೇಸ್‌ಆಫ್ ಅಭ್ಯಾಸದ ಒಂದು ವಿಡಿಯೊ ಫಾರ್ವರ್ಡ್ ಬಂತು. ‘ಕೈ ಚುರುಕಿದ್ದವನಿಗೇ ಚೆಂಡು’ ಅಂತ ಮೇಲೆ ದಪ್ಪ ಅಕ್ಷರ. ಜಗಳ ಶುರುವಾಗಿದ್ದು ಅಲ್ಲಿಂದ.

ಚಿಕ್ಕಪ್ಪ: ಕಿಟ್ಟಿ, ಇದನ್ನು ಪೂರ್ತಿ ನೋಡು. ದಿನಕ್ಕೆ 200 ಸಲ ಮಾಡು. ವಿಷಲ್ ಕೇಳಿದ ತಕ್ಷಣ ಕೈ ತಿರುಗಬೇಕು. ನೀನು ಯೋಚನೆ ಮಾಡುತ್ತಾ ಕೂತಿರುತ್ತೀಯ.

ಮಾವ: ಇದು ನಮ್ಮ ಹಾಕಿಯ ಬುಲ್ಲಿ ತರಹ ಇದೆ ಅಲ್ವಾ? ನಾವು ಮೂರು ಸಲ ಕೋಲು ತಾಗಿಸಿ ಆಮೇಲೆ ಚೆಂಡಿಗೆ ಹೋಗುತ್ತಿದ್ದೆವು. ಈಗ ಒಂದೇ ಸಲ.

ಅಕ್ಕ: ಇಲ್ಲಿ ತಾಗಿಸುವುದೇನೂ ಇಲ್ಲ ಮಾವ. ಚೆಂಡು ನೆಲದ ಮೇಲಿರುತ್ತದೆ. ಅದರ ಆಚೆ ಈಚೆ ಎರಡು ಸ್ಟಿಕ್‌ಗಳ ತಲೆ, ಬೆನ್ನು ಚೆಂಡಿನ ಕಡೆಗೆ. ರೆಫರಿ ‘ಸೆಟ್’ ಅಂದ ಮೇಲೆ ವಿಷಲ್‌ಗೆ ಮೊದಲು ಅಲ್ಲಾಡಿದರೆ ಚೆಂಡು ಎದುರಿನವರಿಗೆ.

ಅಕ್ಕ: ಚಿಕ್ಕಪ್ಪ, ನಿಮ್ಮ ಫಾರ್ವರ್ಡ್‌ನಲ್ಲಿ ಆ ಹುಡುಗನ ಮೊಣಕಾಲು ನೋಡಿ. ನೆಲಕ್ಕೆ ಊರಿದ್ದಾನೆ. ಬೈಕ್ ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮೇಲಿನಿಂದ ಹಿಡಿದಿದ್ದಾನೆ. ಅಮೆರಿಕದ ಕಾಲೇಜು ಆಟದಲ್ಲಿ 2021ರ ಸೀಸನ್‌ನಿಂದ ಎರಡೂ ಬಂದ್. ಕಿಟ್ಟಿ ಆಡುವುದು ಆ ನಿಯಮದಲ್ಲೇ. ಇದನ್ನು 200 ಸಲ ಮಾಡಿದರೆ 200 ಸಲ ತಪ್ಪು ಮಾಡಿದ ಹಾಗೆ.

ಚಿಕ್ಕಪ್ಪ: ಮೊಣಕಾಲು ಎಲ್ಲಿದ್ದರೂ ಚುರುಕು ಚುರುಕೇ. ಎದುರಿನ ಹುಡುಗ ಇವನಿಗಿಂತ ಬೇಗ. ಹೌದೋ ಅಲ್ಲವೋ?

ನಾನು: ಹೌದು. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಎಣಿಸಿದೆ. ಸೆಕೆಂಡಿಗೆ 60 ಫ್ರೇಮ್. ಸಾಮಾನ್ಯವಾಗಿ ಅವನು 3 ಫ್ರೇಮ್ ಮುಂದಿದ್ದಾನೆ.

ಚಿಕ್ಕಪ್ಪ: ಅಂದರೆ 0.05 ಸೆಕೆಂಡ್. ನೂರು ಮೀಟರ್‌ನಲ್ಲಿ ಅಷ್ಟಕ್ಕೇ ಪದಕ ಕೈತಪ್ಪುತ್ತದೆ. ಓಡಿದವನು ನಾನು, ನನಗೆ ಗೊತ್ತು.

ಅಕ್ಕ: ಹಾಗಾದರೆ ಇದೂ ಗೊತ್ತಿರುತ್ತದೆ. ಗನ್ ಆಗಿ 0.1 ಸೆಕೆಂಡ್ ಆಗುವ ಮೊದಲೇ ಹೊರಟರೆ ಫಾಲ್ಸ್ ಸ್ಟಾರ್ಟ್. ಕೇಳಿಸಿಕೊಂಡು ಹೊರಡಲು ಅಷ್ಟಾದರೂ ಬೇಕು ಅಂತ ತಾನೇ? ನಮ್ಮ ವಿಡಿಯೊದಲ್ಲಿ ಅದು 6 ಫ್ರೇಮ್. ನಾಲ್ಕನೇ ಫೇಸ್‌ಆಫ್‌ನಲ್ಲಿ, ಹನ್ನೊಂದನೆಯದರಲ್ಲಿ ಎದುರಿನ ಹುಡುಗ ಅದಕ್ಕಿಂತ ಮೊದಲೇ ಕೈ ತಿರುಗಿಸಿದ್ದಾನೆ. ಅವನು ವಿಷಲ್ ಕೇಳಿಸಿಕೊಂಡಿಲ್ಲ. ಅಂದಾಜು ಹಾಕಿದ್ದಾನೆ.

ಮಾವ: ಮೋಸ!

ಅಕ್ಕ: ಮೋಸ ಅಲ್ಲ ಮಾವ, ಜೂಜು. ಶನಿವಾರದ ರೆಫರಿ ಪ್ರತಿ ಸಲ ಒಂದೇ ಲಯದಲ್ಲಿ ಊದಿದರು, ಅವನಿಗೆ ಕೂಡಿಬಂತು. ಒಂದು ಸಲ ತಡವಾಗಿ ಊದಿದ್ದರೆ ಸಿಕ್ಕಿಬೀಳುತ್ತಿದ್ದ. ನಿಜವಾಗಿ ಸಿಕ್ಕಿಬಿದ್ದವನು ನಮ್ಮವನು. ಏಳನೆಯದು, ನೆನಪಿದೆಯಾ ಕಿಟ್ಟಿ?

ನಾನು: ಇದೆ. ಅವನಿಗಿಂತ ಮೊದಲು ಹೋಗಬೇಕು ಅಂತ ಹೋಗಿ ವಿಷಲ್‌ಗೂ ಮೊದಲು ಹೋದೆ.

ಅಮ್ಮ: ಹೆಲ್ಮೆಟ್ ಪಟ್ಟಿ ಸಡಿಲ ಇದೆ ಅಂತ ಅವತ್ತೇ ಹೇಳಿದ್ದೆ.

ಅಕ್ಕ: ಸೋತ ಹನ್ನೆರಡರಲ್ಲಿ ಈ ಮೂರು ಬಿಟ್ಟು ಉಳಿದ ಒಂಬತ್ತು ನೋಡಿ. ಒಂಬತ್ತನೇ ಫೇಸ್‌ಆಫ್ ಸಾಕು. ಅವನ ಸ್ಟಿಕ್ ಚೆಂಡಿನ ಮೇಲೆ ಮುಚ್ಚಿದ್ದು 12ನೇ ಫ್ರೇಮ್‌ಗೆ, ಚೆಂಡು ಅಲ್ಲಿಂದ ಹೊರಗೆ ಬಂದಿದ್ದು 96ನೇ ಫ್ರೇಮ್‌ಗೆ. ನಡುವೆ 84 ಫ್ರೇಮ್, ಹತ್ತಿರ ಹತ್ತಿರ ಒಂದೂವರೆ ಸೆಕೆಂಡ್. ನೀವು 3 ಫ್ರೇಮ್‌ಗೆ ಅಳುತ್ತಿದ್ದೀರಿ, ನಾನು ಕೇಳುವುದು ಈ 84ರ ಲೆಕ್ಕ. ಅಷ್ಟು ಹೊತ್ತು ಕಿಟ್ಟಿ ಏನು ಮಾಡುತ್ತಿದ್ದ? ಎದ್ದು ನಿಂತು, ಕೈ ಚಾಚಿ, ಅವನ ಸ್ಟಿಕ್ಕನ್ನು ಸುಮ್ನೆ ಕೆರೆಯುತ್ತಿದ್ದ.

ಚಿಕ್ಕಪ್ಪ: ಕ್ಲ್ಯಾಂಪ್ ಆದಮೇಲೆ, ಅಂದರೆ ಸ್ಟಿಕ್ ಚೆಂಡನ್ನು ಮುಚ್ಚಿದ ಮೇಲೆ, ಚೆಂಡು ಅವನದು. ಇನ್ನೇನು ಮಾಡುವುದು?

ಅಕ್ಕ: ಅದೇ ತಪ್ಪು ತಿಳುವಳಿಕೆ. ಚೆಂಡು ಅವನ ಸ್ಟಿಕ್ ಕೆಳಗಿದೆ, ಸ್ಟಿಕ್ ಒಳಗಿಲ್ಲ. ಅದರ ಮೇಲೆ ಒತ್ತಿಕೊಂಡು ಕೂರುವ ಹಾಗೂ ಇಲ್ಲ, ತಕ್ಷಣ ಅಲ್ಲಿಂದ ಸರಿಸಬೇಕು. ಸರಿಸಲು ಜಾಗ ಬೇಕು. ಆ ಜಾಗದಲ್ಲಿ ಕಿಟ್ಟಿಯ ಭುಜ ಇದ್ದರೆ?

ಚಿಕ್ಕಪ್ಪ: ನೀನು ಆಡಿದ್ದು ಹುಡುಗಿಯರ ಆಟ. ಅಲ್ಲಿ ಫೇಸ್‌ಆಫ್ ಬದಲು ನಿಂತುಕೊಂಡು ಮಾಡುವ ಡ್ರಾ, ಚೆಂಡು ತಲೆಯ ಮೇಲೆ ಹಾರಬೇಕು. ನೆಲದ ಮೇಲಿನ ಈ ಗುದ್ದಾಟ ನಿನಗೆ ಹೇಗೆ ಗೊತ್ತು?

ಅಕ್ಕ: ಡ್ರಾದಲ್ಲೂ ನಾನು ನಿಧಾನವೇ. ನಿಧಾನ ಇದ್ದವರಿಗೇ ಇದೆಲ್ಲ ಗೊತ್ತಿರುವುದು ಚಿಕ್ಕಪ್ಪ. ಬೇಗ ಇದ್ದವರಿಗೆ ಕಲಿಯುವ ಅವಶ್ಯಕತೆಯೇ ಬಂದಿರುವುದಿಲ್ಲ.

(ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಒಂದು ಹೆಬ್ಬೆರಳು ಮಾತ್ರ. ಮೇಲಕ್ಕೋ ಕೆಳಕ್ಕೋ ನಾನು ಹೇಳುವುದಿಲ್ಲ.)

ಮಾವ: ಪುಟ್ಟಿ ಹೇಳುವುದು ಸರಿ ಕಣಯ್ಯಾ. ಬುಲ್ಲಿಯಲ್ಲಿ ನನ್ನ ಎದುರಿಗೆ ಒಬ್ಬ ಇದ್ದ, ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಎಳೆಯುತ್ತಿದ್ದ. ಆದರೆ ಯಾವಾಗಲೂ ಒಂದೇ ಕಡೆಗೆ. ನಾನು ಚೆಂಡಿನ ಆಸೆ ಬಿಟ್ಟು ಆ ಕಡೆ ಹೆಜ್ಜೆ ಇಡುತ್ತಿದ್ದೆ. ಬಂದು ನನ್ನ ಕೋಲಿಗೇ ಕೊಡುತ್ತಿದ್ದ ಪಾಪ.

ಅಕ್ಕ: ಇದೇ ಮಾವ! ಈ ಹುಡುಗನೂ ಒಂಬತ್ತರಲ್ಲಿ ಏಳು ಸಲ ತನ್ನ ಕಾಲ ಸಂದಿಯಿಂದ ಹಿಂದಕ್ಕೇ ಎಳೆದಿದ್ದಾನೆ.

ನಾನು: ಅಕ್ಕ, ಮಾಡುವುದು ಹೇಗೆ ಅಂತ ಹೇಳು. ನಾನು ಅವನಿಗಿಂತ ತೂಕದಲ್ಲೂ ಕಡಿಮೆ.

ಅಕ್ಕ: ತೂಕಕ್ಕಿಂತ ಯಾರು ತಗ್ಗಿದ್ದಾರೆ ಅನ್ನುವುದು ಮುಖ್ಯ. ನೀನು ಕೂತಾಗ ನಿನ್ನ ಸೊಂಟ ಹೆಗಲಿಗಿಂತ ಮೇಲಿದೆ, ಭಾರ ಹಿಮ್ಮಡಿ ಮೇಲೆ. ಹಾಗೆ ಕೂತರೆ ಅವನು ಸ್ವಲ್ಪ ನೂಕಿದರೂ ಏಳುತ್ತೀಯ. ಭಾರ ಮುಂಗಾಲಿಗೆ ತಾ. ವಿಷಲ್‌ಗೆ ನೀನೂ ಕೈ ತಿರುಗಿಸಿ ಮುಚ್ಚಲು ಹೋಗಬೇಡ, ಆ ಪಂದ್ಯ ನೀನು ಸೋತಾಗಿದೆ. ಸ್ಟಿಕ್ ತಲೆಯನ್ನು ನೆಟ್ಟಗೆ ಅವನ ತಲೆಗೆ ಗುದ್ದು. ಸ್ಟಿಕ್ಕಿನ ತಲೆಗೆ, ಅಮ್ಮ ಗಾಬರಿಯಾಗಬೇಡ. ಕೈ ತಿರುಗಿಸುವುದಕ್ಕಿಂತ ಮುಂದಕ್ಕೆ ಗುದ್ದುವುದು ಸಣ್ಣ ಚಲನೆ. 3 ಫ್ರೇಮ್ ಹಿಂದಿದ್ದರೂ ಅವನು ಅರ್ಧ ತಿರುಗಿದಾಗ ತಗಲುತ್ತದೆ. ಪೂರ್ತಿ ಮುಚ್ಚದ ಸ್ಟಿಕ್ ಕೆಳಗೆ ಚೆಂಡು ಅಲುಗಾಡುತ್ತಿರುತ್ತದೆ. ಆಮೇಲೆ ಕೈ ಮರೆತುಬಿಡು. ಭುಜ ಅವನ ಭುಜದ ಕೆಳಗೆ, ಕಾಲು ಅವನು ಎಳೆಯುವ ದಾರಿಗೆ. ಅವನ ಸ್ಟಿಕ್ ತುಳಿಯಬೇಡ, ಚೆಂಡಿಗೆ ಕೈ ಹಾಕಬೇಡ, ಎರಡೂ ತಪ್ಪು.

ಚಿಕ್ಕಪ್ಪ: ಇಷ್ಟು ಮಾಡಿ ಚೆಂಡು ಸಿಗುತ್ತದಾ?

ಅಕ್ಕ: ಕಿಟ್ಟಿಗೆ ಸಿಗದೇ ಇರಬಹುದು. ವಿಂಗ್‌ನಲ್ಲಿ, ಅಂದರೆ ಮೈದಾನದ ಎರಡು ಪಕ್ಕಗಳಲ್ಲಿ, ಎರಡೂ ತಂಡದಿಂದ ಇಬ್ಬಿಬ್ಬರು 20 ಗಜ ದೂರದ ಗೆರೆಯಿಂದ ವಿಷಲ್‌ಗೇ ಹೊರಡುತ್ತಾರೆ. ಬರಲು ಮೂರು ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಚೆಂಡು ನೆಲದ ಮೇಲಿದ್ದರೆ ಒಬ್ಬರ ಮೇಲೆ ಒಬ್ಬರ ಆಟ ಮೂರರ ಮೇಲೆ ಮೂರು ಆಗುತ್ತದೆ. ಆಗ ಅವನ ಮಣಿಕಟ್ಟಿನ ಚುರುಕಿಗೆ ಬೆಲೆ ಇಲ್ಲ. ಶನಿವಾರ ನಮ್ಮ ವಿಂಗ್‌ನವರು ನಮ್ಮದೇ ಗೋಲ್ ಕಡೆ ಓಡಿದರು, ಚೆಂಡು ಹೋಗುತ್ತಿದ್ದಿದ್ದು ಅವನ ಬೆನ್ನ ಹಿಂದಕ್ಕೆ. ಅದನ್ನು ಅವರಿಗೆ ಯಾರು ಹೇಳಬೇಕಿತ್ತು?

ನಾನು: ನಾನೇ.

ಚಿಕ್ಕಪ್ಪ: ಟ್ರೆವರ್ ಬ್ಯಾಪ್ಟಿಸ್ಟ್ ಅಂತ ಒಬ್ಬರ ವಿಡಿಯೊ ನೋಡಿದೆ. 2015ರಲ್ಲಿ ಡೆನ್ವರ್ ಕಾಲೇಜು ಚಾಂಪಿಯನ್ ಆದಾಗ ಅವರು ಮೊದಲ ವರ್ಷದ ಹುಡುಗ. ಅವರ ಕೈ ನೋಡು, ಮಿಂಚು.

ಅಕ್ಕ: ಅವರ ಸೊಂಟ ನೋಡಿ ಚಿಕ್ಕಪ್ಪ.

ನಾನು: ಚೆಂಡನ್ನು ಮುಚ್ಚದೆ ಪಕ್ಕಕ್ಕೆ ಬಾಚುವ ರೇಕ್ ಮಾಡಿದರೆ?

ಅಕ್ಕ: ಪಂದ್ಯಕ್ಕೆ ಎರಡು ಮೂರು ಸಲ. ಅವನು ನಿಶ್ಚಿಂತೆಯಾಗಿ ಕೂರಬಾರದು ಅಂತ ಅಷ್ಟೇ. ಜಾಸ್ತಿ ಮಾಡಿದರೆ ಕಾದು ಕೂತು ಹಿಡಿಯುತ್ತಾನೆ.

ಚಿಕ್ಕಪ್ಪ: 2028ರ ಒಲಿಂಪಿಕ್ಸ್‌ನಲ್ಲಿ ಲಕ್ರಾಸ್ ಇದೆ. ಅಲ್ಲಿ ಈ ಭುಜದ ಆಟ ನಡೆಯುವುದಿಲ್ಲ.

ಅಕ್ಕ: ಅಲ್ಲಿ ಆಡುವುದು ಸಿಕ್ಸಸ್, ತಂಡಕ್ಕೆ ಆರೇ ಜನ. ಫೇಸ್‌ಆಫ್ ಕ್ವಾರ್ಟರ್ ಶುರುವಿನಲ್ಲಿ ಮಾತ್ರ, ಗೋಲ್ ಆದರೆ ಗೋಲ್‌ಕೀಪರೇ ಚೆಂಡು ತೆಗೆದುಕೊಂಡು ಹೊರಡುತ್ತಾನೆ. ಕಿಟ್ಟಿ ಮೊದಲು ಬುಧವಾರದ ಪ್ರಾಕ್ಟೀಸ್‌ಗೆ ಹೋಗಲಿ.

ಬುಧವಾರ ಹೋದೆ. ನಮ್ಮ ತಂಡದ ಅತಿ ಚುರುಕು ಹುಡುಗನ ಎದುರು ಹತ್ತು ಫೇಸ್‌ಆಫ್. ಹತ್ತರಲ್ಲೂ ಅವನ ಕೈಯೇ ಮುಂದೆ. ಆರು ಸಲ ಚೆಂಡು ನಮ್ಮ ವಿಂಗ್‌ಗೆ ಬಂತು, ಒಂದು ಸಲ ನನಗೇ. ಒಂದು ತುಣುಕು ಗುಂಪಿಗೆ ಹಾಕಿದೆ.

ಮಾವ: ಭೇಷ್!

ಅಮ್ಮ: ಪಟ್ಟಿ ಈಗ ಸರಿ ಇದೆ.

ಚಿಕ್ಕಪ್ಪ: ಎಣಿಸಿದೆ. ಇಲ್ಲಿ 4 ಫ್ರೇಮ್ ಹಿಂದಿದ್ದೀಯ. ಶನಿವಾರಕ್ಕಿಂತ ನಿಧಾನ.

ನಾನು: ಹೌದು ಚಿಕ್ಕಪ್ಪ.

ಚಿಕ್ಕಪ್ಪ: 70ನೇ ಫ್ರೇಮ್‌ನಲ್ಲಿ ಅವನ ಸ್ಟಿಕ್ ಯಾಕೆ ಮೇಲೆದ್ದಿದೆ? ನಿನ್ನ ಭುಜವಾ ಅದು?