ಆಸ್ಟ್ರೇಲಿಯಾದಲ್ಲಿ ಒಬ್ಬಳೇ ಆರು ವಾರ: ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?

ಪ್ರಶ್ನೆ

ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ನನಗೆ ಆರು ವಾರಗಳ ಬಿಡುವು ಸಿಕ್ಕಿದೆ. ಅದನ್ನು ಪೂರ್ತಿಯಾಗಿ ಆಸ್ಟ್ರೇಲಿಯಾದಲ್ಲಿ, ಬೆನ್ನುಚೀಲ ಹೊತ್ತು, ಒಬ್ಬಳೇ ಸುತ್ತುವುದಕ್ಕೆ ಬಳಸಬೇಕೆಂದು ನಿಶ್ಚಯಿಸಿದ್ದೇನೆ. ಹೋಗುವುದು ಖಚಿತ, ಎಲ್ಲಿಗೆ ಎಂಬುದು ಮಾತ್ರ ಬಗೆಹರಿದಿಲ್ಲ. ಎರಡು ತಿಂಗಳಿಂದ ಗೋಡೆಯ ಮೇಲೆ ದೊಡ್ಡದೊಂದು ನಕ್ಷೆ ಅಂಟಿಸಿಕೊಂಡು, ಓದಿ ಇಷ್ಟವಾದ ಜಾಗಗಳನ್ನೆಲ್ಲ ಪೆನ್ಸಿಲಿನಿಂದ ಗುರುತು ಮಾಡುತ್ತ ಬಂದೆ. ಈಗ ಅದರ ಮೇಲೆ ಸಿಡ್ನಿ, ಮೆಲ್ಬರ್ನ್, ಗ್ರೇಟ್ ಓಶನ್ ರೋಡ್, ಟಾಸ್ಮೇನಿಯಾ, ನಡುಭಾಗದ ಹೆಬ್ಬಂಡೆ ಉಲುರು, ಉತ್ತರದ ರಾಷ್ಟ್ರೀಯ ಉದ್ಯಾನ ಕಾಕಡು, ಪೂರ್ವ ತೀರದ ಹವಳದ ಸಾಲು ಗ್ರೇಟ್ ಬ್ಯಾರಿಯರ್ ರೀಫ್, ಪಶ್ಚಿಮ ತೀರದ ಹವಳದ ಸಾಲು ನಿಂಗಲೂ ಎಲ್ಲವೂ ಇವೆ. ಇವನ್ನು ಗೆರೆ ಎಳೆದು ಸೇರಿಸಿದರೆ ಖಂಡದ ಸುತ್ತ ಒಂದು ಉಂಗುರವಾಗುತ್ತದೆ. ಆ ಉಂಗುರ ಹೆಚ್ಚುಕಡಿಮೆ ಅಲ್ಲಿನ 1ನೇ ಹೆದ್ದಾರಿಯೇ ಎಂದೂ ಅದರ ಉದ್ದ ಸುಮಾರು 14,500 ಕಿ.ಮೀ. ಎಂದೂ ತಿಳಿದ ದಿನ ಪೆನ್ಸಿಲ್ ಕೆಳಗಿಟ್ಟೆ.

ನನಗೆ ಕಾರು ಓಡಿಸಲು ಬರುತ್ತದೆ, ಆದರೆ ನೂರಾರು ಕಿಲೋಮೀಟರ್ ಊರೇ ಸಿಗದ ದಾರಿಯಲ್ಲಿ ಒಬ್ಬಳೇ ಓಡಿಸುವ ಧೈರ್ಯವಿಲ್ಲ. ಹಾಗಾಗಿ ಬಸ್ಸು, ಹಾಸ್ಟೆಲ್, ಅಗತ್ಯವಿದ್ದಲ್ಲಿ ಒಂದೆರಡು ವಿಮಾನ. ನಡೆಯುವುದೆಂದರೆ ಇಷ್ಟ, ಈಜು ಬರುತ್ತದೆ, ನಗರಗಳ ಮೇಲೆ ಅಂಥ ಆಸೆಯೇನೂ ಇಲ್ಲ. ಅಲ್ಲಿ ಒಬ್ಬರೇ ತಿರುಗಿ ಬಂದವರು ಯಾವುದನ್ನು ಹೇಗೆ ಆರಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ, ಬಿಟ್ಟದ್ದಕ್ಕೆ ಆಮೇಲೆ ಮರುಗಿದಿರಾ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1

ನೀವು ಹೋಗುವ ತಿಂಗಳೇ ನಿಮ್ಮ ಪಟ್ಟಿಯ ಅರ್ಧವನ್ನು ಅಳಿಸಿಬಿಡುತ್ತದೆ, ಆದ್ದರಿಂದ ಆಯ್ಕೆಯನ್ನು ಅಲ್ಲಿಂದಲೇ ಆರಂಭಿಸಿ. ಸುಮಾರು 77 ಲಕ್ಷ ಚದರ ಕಿ.ಮೀ. ಹರಡಿರುವ ಆ ದೇಶದಲ್ಲಿ ಎಲ್ಲ ಕಡೆಗೂ ಒಪ್ಪುವ ಕಾಲವೆಂಬುದೇ ಇಲ್ಲ. ಉತ್ತರದ ಉಷ್ಣವಲಯಕ್ಕೆ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ, ಮೇಯಿಂದ ಅಕ್ಟೋಬರ್‌ವರೆಗೆ ಒಣಗಾಲ. ದಕ್ಷಿಣಕ್ಕೆ ಜೂನ್, ಜುಲೈ, ಆಗಸ್ಟ್ ಎಂದರೆ ನಡುಚಳಿಗಾಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ಸಲ ಹೋದಾಗ ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಜನವರಿಯಲ್ಲಿ ಉತ್ತರ ತೀರದ ಡಾರ್ವಿನ್‌ಗೆ ಹೋಗಿ ಇಳಿದೆ. ಕಾಕಡುವಿನ ಜಿಮ್ ಜಿಮ್ ಜಲಪಾತದ ದಾರಿ ಮಳೆನೀರಿನಿಂದಾಗಿ ಮುಚ್ಚಿತ್ತು. ಸೆಕೆ ತಾಳಲಾರದೆ ಸಮುದ್ರಕ್ಕಾದರೂ ಇಳಿಯೋಣವೆಂದು ಹೋದರೆ, ಮರಳಿನ ಅಂಚಿನಲ್ಲಿ ನೆಟ್ಟಿದ್ದ ಕಂಬಕ್ಕೆ ವಿನೆಗರ್ ಬಾಟಲಿಯೊಂದನ್ನು ಸಿಕ್ಕಿಸಿಟ್ಟಿದ್ದರು. ಅದೇಕೆಂದು ಪಕ್ಕದ ಫಲಕ ಓದಿದಾಗ ತಿಳಿಯಿತು: ಆ ತಿಂಗಳುಗಳಲ್ಲಿ ತೀರಕ್ಕೆ ಬರುವ ಬಾಕ್ಸ್ ಜೆಲ್ಲಿಮೀನು ಕುಟುಕಿದರೆ ಪ್ರಾಣಕ್ಕೇ ಅಪಾಯ, ಕುಟುಕಿದ ಜಾಗದ ಮೇಲೆ ತಕ್ಷಣ ಸುರಿಯಲೆಂದು ಆ ಬಾಟಲಿ. ನಾಲ್ಕು ದಿನ ಹಾಸ್ಟೆಲಿನ ಜಗಲಿಯಲ್ಲಿ ಕುಳಿತು ಮಳೆ ನೋಡಿದೆ. ಜಾಗದಲ್ಲಿ ಕೊರತೆಯಿರಲಿಲ್ಲ, ನಾನು ಹೋದ ಹೊತ್ತು ಸರಿಯಿರಲಿಲ್ಲ.

ನಿಮ್ಮ ಅದೃಷ್ಟಕ್ಕೆ, ನೀವು ಹೋಗುವ ಆರು ವಾರಗಳು ಉತ್ತರಕ್ಕೂ ನಡುಭಾಗಕ್ಕೂ ಹೇಳಿ ಮಾಡಿಸಿದಂತಿವೆ. ಡಾರ್ವಿನ್‌ನಲ್ಲಿ ಹಗಲು 30 ಡಿಗ್ರಿಯ ಆಸುಪಾಸು, ನಿರ್ಮಲ ಆಕಾಶ. ಉಲುರುವಿನಲ್ಲಿ ಹಗಲು ನಡೆಯಲು ಹಿತ, ರಾತ್ರಿ ಮಾತ್ರ ಕೆಲವೊಮ್ಮೆ ಸೊನ್ನೆಗಿಂತ ಕೆಳಗಿಳಿಯುವ ಚಳಿ. ಅತ್ತ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಜೂನ್ ಕೊನೆಗೆ ಹಗಲಿರುವುದೇ ಸುಮಾರು 9 ಗಂಟೆ. ಅಲ್ಲಿನ 65 ಕಿ.ಮೀ. ಉದ್ದದ ಓವರ್‌ಲ್ಯಾಂಡ್ ಟ್ರ್ಯಾಕ್ ಎಂಬ ಕಾಲುದಾರಿಯಲ್ಲಿ ಆಗ ಹಿಮ ಬೀಳುತ್ತದೆ, ಹಿಮದಲ್ಲಿ ನಡೆದ ಅನುಭವವಿಲ್ಲದೆ ಒಬ್ಬರೇ ಅದಕ್ಕೆ ಇಳಿಯುವುದು ತರವಲ್ಲ. ಟಾಸ್ಮೇನಿಯಾವನ್ನು ಇನ್ನೊಂದು ಬೇಸಿಗೆಗೆ ಮೀಸಲಿಡಿ. ಮೆಲ್ಬರ್ನ್ ಮತ್ತು ಗ್ರೇಟ್ ಓಶನ್ ರೋಡ್ ಕೂಡ ಅದರ ಜೊತೆಗೇ ಹೋಗಲಿ, ಏಕೆಂದರೆ ಆ ದ್ವೀಪಕ್ಕೆ ಹೋಗುವ ಹಡಗು ಹೊರಡುವುದೂ ಅದೇ ಸೀಮೆಯ ಜೀಲಾಂಗ್‌ನಿಂದ.

ಇನ್ನು ದೂರ. ಡಾರ್ವಿನ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಸುಮಾರು 1,500 ಕಿ.ಮೀ., ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಇಡೀ ದಿನ. ಆಲಿಸ್‌ನ ಪಕ್ಕದಲ್ಲೇ ಉಲುರು ಇದೆಯೆಂದು ಅನೇಕರು ತಿಳಿದಿರುತ್ತಾರೆ, ಆದರೆ ನಡುವೆ ಇನ್ನೂ 450 ಕಿ.ಮೀ.ಗೂ ಮಿಕ್ಕಿ ದಾರಿಯಿದೆ. ಪೂರ್ವ ಕರಾವಳಿಯಲ್ಲಿ ಕೇರ್ನ್ಸ್‌ನಿಂದ ಬ್ರಿಸ್ಬೇನ್‌ಗೆ ಸುಮಾರು 1,700 ಕಿ.ಮೀ. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ನಾನಾಗಿದ್ದರೆ ಉಂಗುರದ ಆಸೆ ಬಿಟ್ಟು ಎರಡೇ ಗೆರೆ ಎಳೆಯುತ್ತಿದ್ದೆ. ಮೊದಲನೆಯದು ಡಾರ್ವಿನ್, ಕಾಕಡು, ಕ್ಯಾಥರಿನ್, ಆಲಿಸ್, ಉಲುರು ಎಂದು ಉತ್ತರದಿಂದ ನಡುಭಾಗಕ್ಕೆ ಇಳಿಯುವ ಗೆರೆ, ಅದಕ್ಕೆ ಎರಡೂವರೆ ವಾರ. ಅಲ್ಲಿಂದ ಕೇರ್ನ್ಸ್‌ಗೆ ವಿಮಾನ. ಎರಡನೆಯದು ಕೇರ್ನ್ಸ್‌ನಿಂದ ಪೂರ್ವ ಕರಾವಳಿಯಗುಂಟ ಕೆಳಕ್ಕೆ, ಮೂರು ವಾರ. ಉಳಿದ ದಿನಗಳಿಗೆ ಯಾವ ಊರನ್ನೂ ಬರೆಯಬೇಡಿ. ಜುಲೈನಲ್ಲಿ ಕೇರ್ನ್ಸ್‌ನ ಉತ್ತರದ ಹವಳದ ದಿಬ್ಬಗಳ ಬಳಿ ಡ್ವಾರ್ಫ್ ಮಿಂಕಿ ತಿಮಿಂಗಿಲಗಳು ಬರುತ್ತವೆ, ಹಂಪ್‌ಬ್ಯಾಕ್ ತಿಮಿಂಗಿಲಗಳು ಕರಾವಳಿಯುದ್ದಕ್ಕೂ ಉತ್ತರಾಭಿಮುಖವಾಗಿ ಸಾಗುತ್ತಿರುತ್ತವೆ. ಯಾವ ಊರಿನಲ್ಲಿ ಎರಡು ದಿನ ಹೆಚ್ಚು ನಿಲ್ಲಬೇಕೆನಿಸುತ್ತದೆ ಎಂಬುದು ಹೊರಡುವ ಮುನ್ನ ಗೊತ್ತಾಗುವ ಸಂಗತಿಯಲ್ಲ.

ಉತ್ತರ 2

ಮೇಲಿನವರು ಹೇಳಿದ ತಿಂಗಳಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಬ್ಬರೇ ಹೋಗುವವರಿಗೆ ಅದರಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಕಾರಿಲ್ಲದವರು ಅಲ್ಲಿನ ಎಷ್ಟೋ ಜಾಗಗಳನ್ನು ತಲುಪುವುದು ಸಣ್ಣ ಗುಂಪಿನ ಟೂರ್‌ಗಳ ಮೂಲಕ, ಮತ್ತು ಆ ಟೂರ್‌ಗಳು ಹೊರಡಬೇಕಾದರೆ ಕನಿಷ್ಠ ಇಷ್ಟು ಜನ ಸೇರಲೇಬೇಕು. ದೂರದ ಒಂದು ಊರಿನಲ್ಲಿ ನಾನು ಹಣ ಕಟ್ಟಿ ಮೂರು ದಿನ ಕಾದ ಮೇಲೆ, ಜನ ಸಾಲದೆಂದು ಹೊರಡುವ ಹಿಂದಿನ ಸಂಜೆ ರದ್ದು ಮಾಡಿದರು. ಹಣ ಹಿಂದಕ್ಕೆ ಬಂತು, ದಿನಗಳು ಬರಲಿಲ್ಲ. ಅಂದಿನಿಂದ ಒಂದು ಜಾಗವನ್ನು ಪಟ್ಟಿಗೆ ಸೇರಿಸುವ ಮುನ್ನ ಅಲ್ಲಿಂದ ವಾರಕ್ಕೆ ಎಷ್ಟು ಸಲ ಗುಂಪು ಹೊರಡುತ್ತದೆ ಎಂದು ವಿಚಾರಿಸುತ್ತೇನೆ. ಆಲಿಸ್ ಸ್ಪ್ರಿಂಗ್ಸ್, ಕೇರ್ನ್ಸ್, ವಿಟ್‌ಸಂಡೇ ದ್ವೀಪಗಳಿಗೆ ಬಾಗಿಲಾಗಿರುವ ಏರ್ಲೀ ಬೀಚ್, ಈ ಮೂರು ಕಡೆ ಒಬ್ಬರಿಗೆ ಜಾಗ ಸಿಗುವುದು ಕಷ್ಟವಲ್ಲ.

ಬಾಡಿಗೆ ಕಾರಿನ ವಿಚಾರದಲ್ಲಿ ನಿಮ್ಮ ಹಿಂಜರಿಕೆ ಸರಿಯಾದದ್ದೇ. ಸಂಜೆಯ ನಂತರ ಕಾಂಗರೂಗಳು ರಸ್ತೆಗೆ ಬರುತ್ತವೆ, ಎದುರಿಗೆ ಹಲವು ಟ್ರೇಲರ್‌ಗಳನ್ನು ಎಳೆಯುವ, 53.5 ಮೀಟರ್ ಉದ್ದದವರೆಗಿನ ರೋಡ್ ಟ್ರೇನ್ ಎಂಬ ಲಾರಿಗಳು ಬರುತ್ತವೆ, ಪಟ್ಟಣ ದಾಟಿದ ಮೇಲೆ ಬಹಳ ದೂರ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಉಲುರುವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ದೂರ, ದುಬಾರಿ, ಕೊನೆಗೆ ಕಾಣುವುದು ಒಂದು ಬಂಡೆ ಎಂದು ಹಲವರು ನಿಮ್ಮನ್ನು ತಡೆಯುತ್ತಾರೆ. ನಾನು ಹೋದಾಗ ಮೂರು ದಿನಗಳ ಪ್ರವೇಶ ಪಾಸಿಗೆ 38 ಡಾಲರ್ ಕೊಟ್ಟಿದ್ದೆ. ಆ ನೆಲದ ಒಡೆಯರಾದ ಅನಂಗು ಜನರ ಬಹುಕಾಲದ ಕೋರಿಕೆಯಂತೆ 2019ರ ಅಕ್ಟೋಬರ್ 26ರಿಂದ ಬಂಡೆಯನ್ನು ಹತ್ತುವುದನ್ನು ನಿಷೇಧಿಸಲಾಗಿದೆ, ಹಾಗಾಗಿ ಈಗ ಎಲ್ಲರೂ ಬುಡದ ಸುತ್ತ ನಡೆಯುತ್ತಾರೆ. 10 ಕಿ.ಮೀ.ಗೂ ಸ್ವಲ್ಪ ಹೆಚ್ಚಿನ ಆ ಸುತ್ತಿನಲ್ಲಿ, ಚಿತ್ರಗಳಲ್ಲಿ ನುಣುಪಾಗಿ ಕಾಣುವ ಬಂಡೆಯ ಮೈಯಲ್ಲಿ ಎಷ್ಟು ಗುಹೆ, ಎಷ್ಟು ಸೀಳು, ಎಷ್ಟು ನೀರಿನ ಕಪ್ಪು ಗೆರೆ ಇವೆಯೆಂದು ಕಾಣುತ್ತದೆ. ಕೆಲವು ಪವಿತ್ರ ಭಾಗಗಳ ಚಿತ್ರ ತೆಗೆಯಬೇಡಿರೆಂಬ ಫಲಕಗಳಿವೆ, ಅಲ್ಲಿ ಬರಿಗಣ್ಣಿನಿಂದ ನೋಡುವುದೇ ನನಗೆ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಆಲಿಸ್‌ನಿಂದ ಹೊರಟು ಉಲುರು, ಕಾಟಾ ಜುಟಾ, ಕಿಂಗ್ಸ್ ಕ್ಯಾನ್ಯನ್ ನೋಡಿ ಮರಳುವ ಮೂರು ದಿನಗಳ ಟೂರ್‌ನಲ್ಲಿ ರಾತ್ರಿ ಡೇರೆಯಿಲ್ಲದೆ ಸ್ವಾಗ್‌ನಲ್ಲಿ ಮಲಗಿಸುತ್ತಾರೆ. ಅದು ದಪ್ಪ ಕ್ಯಾನ್ವಾಸಿನ ಚೀಲ, ಒಳಗೊಂದು ತೆಳು ಹಾಸಿಗೆ, ಅದರೊಳಗೆ ನಿಮ್ಮ ಸ್ಲೀಪಿಂಗ್ ಬ್ಯಾಗ್. ಬೆಂಕಿಯ ಸುತ್ತ ಹನ್ನೆರಡು ಸ್ವಾಗ್‌ಗಳು, ಹನ್ನೆರಡೂ ಅಪರಿಚಿತರು. ನಮ್ಮ ಮಾರ್ಗದರ್ಶಿ ಹಾಲುಹಾದಿಯ ನಡುವಿನ ಕಪ್ಪು ಪಟ್ಟೆಯನ್ನು ತೋರಿಸಿ, ಅದು ನಕ್ಷತ್ರಗಳಿಂದಾದ ಆಕಾರವಲ್ಲ, ನಕ್ಷತ್ರಗಳಿಲ್ಲದ ಕತ್ತಲಿನಿಂದಾದ ಎಮು ಹಕ್ಕಿ ಎಂದು ಹೇಳಿದ. ಒಮ್ಮೆ ಕೊರಳು ಕಂಡ ಮೇಲೆ ಇಡೀ ಹಕ್ಕಿ ಕಾಣಿಸಿತು, ಮತ್ತೆ ಮರೆಯಾಗಲಿಲ್ಲ. ಬೆಳಿಗ್ಗೆ ಎದ್ದಾಗ ಕ್ಯಾನ್ವಾಸಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಉಣ್ಣೆಯ ಟೋಪಿ ಮರೆಯಬೇಡಿ.

ಉತ್ತರ 3

ಪೂರ್ವ ಕರಾವಳಿಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ನಿಮಗೆ ನಿಜವಾಗಿ ಬೇಕಿರುವುದು ಹವಳದ ನಡುವಿನ ಈಜಾದರೆ ಪಶ್ಚಿಮದ ನಿಂಗಲೂವನ್ನು ಅಷ್ಟು ಸುಲಭವಾಗಿ ಅಳಿಸಬೇಡಿ. ಕೇರ್ನ್ಸ್‌ನಿಂದ ಹೊರಗಿನ ರೀಫ್ ತಲುಪಲು ದೋಣಿಯೇ ಆಗಬೇಕು, ಮತ್ತು ಈ ತಿಂಗಳುಗಳಲ್ಲಿ ಆಗ್ನೇಯ ದಿಕ್ಕಿನ ಗಾಳಿ ಬಲವಾಗಿ ಬೀಸುವುದರಿಂದ ಸಮುದ್ರ ಒರಟಾಗಿರುವ ದಿನಗಳು ಹೆಚ್ಚು. ನಿಂಗಲೂ ದಂಡೆಗೆ ಅಂಟಿಕೊಂಡೇ ಬೆಳೆದ ಹವಳ. ಕೋರಲ್ ಬೇಯಲ್ಲಿ ಮರಳಿನಿಂದ ನೀರಿಗೆ ಇಳಿದು ಕೆಲವೇ ನಿಮಿಷ ಈಜಿದರೆ ಹವಳದ ಮೇಲಿರುತ್ತೀರಿ. ಮಾರ್ಚ್‌ನಿಂದ ಜುಲೈವರೆಗೆ ತಿಮಿಂಗಿಲ ಶಾರ್ಕ್‌ಗಳು ಬರುವ ಜಾಗವೂ ಅದೇ.

ಆದರೆ ಅದರ ಬೆಲೆಯನ್ನೂ ಹೇಳಬೇಕು. ಪರ್ತ್‌ನಿಂದ ನಿಂಗಲೂ ಪಕ್ಕದ ಊರಾದ ಎಕ್ಸ್‌ಮೌತ್‌ಗೆ ಸುಮಾರು 1,250 ಕಿ.ಮೀ., ಬಸ್ಸು ವಾರದ ಕೆಲವೇ ದಿನ, ಮತ್ತು ಅತ್ಯಂತ ಸುಂದರವಾದ ಟರ್ಕ್ವಾಯಿಸ್ ಬೇ ಎಂಬ ಕಡಲತೀರಕ್ಕೆ ಸ್ವಂತ ವಾಹನವಿಲ್ಲದೆ ಹೋಗಲು ಬೇರೆಯವರನ್ನು ಆಶ್ರಯಿಸಬೇಕು. ಆ ಕಡೆ ಹೋಗುವುದಾದರೆ ಪೂರ್ವವನ್ನು ಪೂರ್ತಿ ಬಿಟ್ಟು ಹೋಗಿ. ಎರಡನ್ನೂ ಸೇರಿಸಿಕೊಂಡರೆ ನಿಮ್ಮ ಉಂಗುರ ಮತ್ತೆ ಹುಟ್ಟಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ರಬ್ಬರ್ ಹಿಡಿದು ನಕ್ಷೆಯ ಮುಂದೆ ನಿಂತೆ. ಟಾಸ್ಮೇನಿಯಾ, ಮೆಲ್ಬರ್ನ್, ಓಶನ್ ರೋಡ್ ಅಳಿಸುವಾಗ ಅಷ್ಟೇನೂ ನೋವಾಗಲಿಲ್ಲ. ನಿಂಗಲೂ ಅಳಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು, ಆದರೆ ಮೊದಲ ಒಂಟಿ ಪ್ರವಾಸದಲ್ಲಿ ಬಸ್ಸು ದಿನವೂ ಸಿಗುವ ದಾರಿಯನ್ನೇ ಹಿಡಿಯುವುದೆಂದು ತೀರ್ಮಾನಿಸಿದೆ. ಡಾರ್ವಿನ್‌ನಲ್ಲಿ ಇಳಿದು, ಉಲುರುವರೆಗೆ ಹೋಗಿ, ಕೇರ್ನ್ಸ್‌ಗೆ ಹಾರಿ, ಬ್ರಿಸ್ಬೇನ್‌ನಿಂದಲೇ ಮರಳುತ್ತೇನೆ. ಸಿಡ್ನಿ ಕೂಡ ಇಲ್ಲ. ಉಳಿಯುವ ದಿನಗಳನ್ನು ಬರೆಯದೆ ಬಿಟ್ಟಿದ್ದೇನೆ. ಒಂದೇ ಒಂದು ಸಂದೇಹ: ಕಾಕಡುವಿಗೆ ಎಷ್ಟು ದಿನ ಬೇಕು, ಮೊದಲೇ ಕಾಯ್ದಿರಿಸಬೇಕೇ?

ಉತ್ತರ 1 ಬರೆದವರು

ಕಾಕಡು ಸುಮಾರು 20,000 ಚದರ ಕಿ.ಮೀ. ವಿಸ್ತಾರವಾದದ್ದು, ಡಾರ್ವಿನ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಟೂರ್‌ಗಳಲ್ಲಿ ಹೆಚ್ಚಿನ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ. ಎರಡು ರಾತ್ರಿ, ಮೂರು ಹಗಲು ಇರುವಂಥದ್ದನ್ನು ಹಿಡಿಯಿರಿ. ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ಅಲ್ಲಿ ಶಾಲೆಗಳಿಗೆ ರಜೆ, ಹಾಗಾಗಿ ಅದನ್ನೂ ಡಾರ್ವಿನ್‌ನ ಹಾಸ್ಟೆಲನ್ನೂ ಈಗಲೇ ಕಾಯ್ದಿರಿಸಿ, ಕರಾವಳಿಯ ಊರುಗಳನ್ನು ಆಮೇಲೆ ನೋಡಿಕೊಳ್ಳಬಹುದು. ಕುಯಿಂಡಾದ ಯೆಲ್ಲೋ ವಾಟರ್‌ನಲ್ಲಿ ಬೆಳಗಿನ ಮೊದಲ ದೋಣಿ ಹಿಡಿಯಿರಿ, ಮಂಜು ಇನ್ನೂ ನೀರಿನ ಮೇಲಿರುವಾಗಲೇ ಹಕ್ಕಿಗಳು ಏಳುತ್ತವೆ. ಯಾವ ಹೊಳೆಯ ಅಂಚಿನಲ್ಲೂ ನಿಲ್ಲಬೇಡಿ, ನೀರು ಎಷ್ಟೇ ಶಾಂತವಾಗಿ ಕಂಡರೂ ಅಲ್ಲಿ ಮೊಸಳೆಯಿದೆಯೆಂದೇ ತಿಳಿಯಬೇಕು. ಉಬಿರ್‌ನ ಬಂಡೆಚಿತ್ರಗಳನ್ನು ಸಂಜೆಗೆ ಇಟ್ಟುಕೊಳ್ಳಿ, ಚಿತ್ರಗಳನ್ನು ನೋಡಿ ಮೇಲಕ್ಕೆ ಹತ್ತಿದರೆ ಸೂರ್ಯ ಮುಳುಗುವಾಗ ಕೆಳಗಿನ ನಾದಬ್ ಬಯಲು ಹಸಿರಿನಿಂದ ಚಿನ್ನದ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಚೀಲದಲ್ಲಿ ಟಾರ್ಚ್ ಇರಲಿ, ಇಳಿಯುವ ಹೊತ್ತಿಗೆ ಕತ್ತಲಾಗಿರುತ್ತದೆ.